ನಿಂತು ದುಡಿಯುವವರ ಕಾಲು



ಸೊಲ್ಲಾಪುರದ ಚಾದರ ನಮಗೆಲ್ಲ ಗೊತ್ತು. ಅದನ್ನು ನೇಯುವ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಜನ ಪಾಳಿಯುದ್ದಕ್ಕೂ ಮಗ್ಗದ ಮುಂದೆ ನಿಂತೇ ಇರುತ್ತಾರೆ. ಇಳಿಜಾರಿನಲ್ಲಿ ನಿಂತು ಎಲೆ ಕೀಳುವ ನಮ್ಮ ಎಸ್ಟೇಟಿನವರಂತೆ ಅವರಿಗೂ ಕಾಲಿನಲ್ಲಿ 'ನರ' ಉಬ್ಬುತ್ತದೆ.

ಅದು ನರವಲ್ಲ, ರಕ್ತನಾಳ. ಮೇಲೇರುವ ರಕ್ತ ಕೆಳಗೆ ಜಾರದಂತೆ ನಾಳದೊಳಗೆ ಸಣ್ಣ ಕದಗಳಿವೆ. ನಡೆಯುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ನಿಂತಲ್ಲೇ ನಿಂತರೆ ರಕ್ತ ತಳದಲ್ಲಿ ಸೇರಿ, ಕದ ಸಡಿಲಾಗಿ, ನಾಳ ಉಬ್ಬುತ್ತದೆ. ಬಸುರಿಯರಿಗೆ ಇದು ಇನ್ನೂ ಹೆಚ್ಚು.

ಕೆಲಸದ ನಡುವೆ ಹಿಮ್ಮಡಿ ಎತ್ತಿ ಇಳಿಸೋಣ. ರಾತ್ರಿ ಕಾಲು ದಿಂಬಿನ ಮೇಲಿರಲಿ. ಬಿಗಿ ಕಾಲುಚೀಲವನ್ನು ಡಾಕ್ಟರನ್ನು ಕೇಳಿಯೇ ಹಾಕಬೇಕು. ಎಣ್ಣೆ ತಿಕ್ಕಿ ದುಡ್ಡು ಕಳೆಯುವುದು ಬೇಡ. ಹೆಚ್ಚಾದರೆ ಆಪರೇಷನ್ನು, ಲೇಸರು ಇವೆ.

ನಿಂತು ದುಡಿಯುವವರಿಗೆ ಕೂರಲು ಅನುಕೂಲ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಬರೆದಿತ್ತು. ಒಂದು ಸ್ಟೂಲು ಕೇಳುವುದು ಭಿಕ್ಷೆಯಲ್ಲ.

ಕಾಲಿನ ಗಿಣ್ಣಿನ ಬಳಿ ಚರ್ಮ ಕಪ್ಪಾದರೆ, ಹುಣ್ಣಾದರೆ ಆಸ್ಪತ್ರೆಗೆ ತಡಮಾಡಬೇಡಿ. ನಾಳ ಒಡೆದು ರಕ್ತ ಸುರಿದರೆ ರೋಗಿಯನ್ನು ನಡೆಸಬೇಡಿ: ಮಲಗಿಸಿ, ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಆಮೇಲೆ ಗಾಡಿ ಕರೆಯಿರಿ.