ವಾಯಿದೆ ತಿಳಿಯಿತು, ತೀರ್ಪು ಯಾವಾಗ?

ನ್ಯಾಯಾಲಯಕ್ಕೆ ಕಂಪ್ಯೂಟರ್ ಬಂದ ಕಥೆ ಕಾರ್ಕಳಕ್ಕೆ ದೂರದ್ದಲ್ಲ. 2010ರಲ್ಲಿ ಕೇಂದ್ರ ಸರಕಾರ ದೇಶದ 14,249 ಅಧೀನ ನ್ಯಾಯಾಲಯಗಳ ಗಣಕೀಕರಣಕ್ಕೆ 935 ಕೋಟಿ ರೂಪಾಯಿ ಒಪ್ಪಿದಾಗ ಕಾನೂನು ಮಂತ್ರಿಯಾಗಿದ್ದವರು 1972ರಿಂದ ಹಲವು ಬಾರಿ ಇದೇ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಹೋದ ವೀರಪ್ಪ ಮೊಯಿಲಿ. ಅದಕ್ಕೂ ಮೊದಲು ಈ ಕೆಲಸದ ನೀಲಿನಕ್ಷೆ ತಯಾರಿಸಿದ ಇ-ಸಮಿತಿಯ ಮೊದಲ ಅಧ್ಯಕ್ಷರೂ ಕರ್ನಾಟಕದ ಹೈಕೋರ್ಟಿನಲ್ಲಿದ್ದವರೇ: ನಿವೃತ್ತ ನ್ಯಾಯಮೂರ್ತಿ ಜಿ.ಸಿ. ಭರೂಕ. ಇದೇ ಇ-ಕೋರ್ಟ್ಸ್ ಯೋಜನೆಗೆ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ಮೂರನೇ ಹಂತದ ಮೊತ್ತ 7,210 ಕೋಟಿ. ಇಷ್ಟು ದುಡ್ಡು ಸುರಿದ ಮೇಲೆ ತಾಲೂಕು ಕೋರ್ಟಿನ ಕಟಕಟೆಯಲ್ಲಿ ನಿಂತವನಿಗೆ ಸಿಕ್ಕಿದ್ದೇನು?

ಮೊದಲು ಸಿಕ್ಕಿದ್ದು ವಾಯಿದೆಯ ದಿನಾಂಕ. ಹಿಂದೆ ಅದನ್ನು ತಿಳಿಯಲು ವಕೀಲರ ಗುಮಾಸ್ತರ ಡೈರಿಯೇ ಗತಿ. ಅವರು ಸಿಗದಿದ್ದರೆ ಅಜೆಕಾರಿನಿಂದಲೋ ಬಜಗೋಳಿಯಿಂದಲೋ ಬಸ್ಸು ಹತ್ತಿ ಬಂದು ಬೆಂಚ್ ಕ್ಲರ್ಕನ್ನು ಕೇಳಬೇಕಿತ್ತು. ಈಗ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕೆಗಳ ಸಿ.ಎನ್.ಆರ್. ಸಂಖ್ಯೆಯಿದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನದು ಎಂದು, ಯಾವ ಹಂತಕ್ಕೆ ಎಂಬುದು ಫೋನಿನಲ್ಲೇ ಕಾಣುತ್ತದೆ. 2015ರಲ್ಲಿ ಸಾರ್ವಜನಿಕರಿಗೆ ತೆರೆದ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲದಲ್ಲಿ ಯಾವ ಜಿಲ್ಲೆಯಲ್ಲಿ ಎಷ್ಟು ಕೇಸು ಎಷ್ಟು ವರ್ಷದಿಂದ ಬಾಕಿ ಎಂದು ಯಾರು ಬೇಕಾದರೂ ನೋಡಬಹುದು. ಇದು ಸಣ್ಣ ಬದಲಾವಣೆಯಲ್ಲ. ಆದರೆ ಸಾಕ್ಷಿ ಬಾರದೆ ವಾಯಿದೆ ಮುಂದೆ ಹೋದರೆ, ಮುಂದೆ ಹೋಯಿತು ಎಂದಷ್ಟೇ ಆ್ಯಪ್ ಹೇಳೀತು, ಸಾಕ್ಷಿಯನ್ನು ಕರೆತರುವುದಿಲ್ಲ.

ಆ ಸಾಕ್ಷಿಯ ವಿಷಯದಲ್ಲೇ ಕರಾವಳಿಗೆ ದೊಡ್ಡ ಲಾಭವಿದೆ. ಇಲ್ಲಿನ ಎಷ್ಟೋ ಮನೆಗಳಿಂದ ಒಬ್ಬರಾದರೂ ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಅಪಘಾತವನ್ನೋ ಹೊಡೆದಾಟವನ್ನೋ ಕಣ್ಣಾರೆ ಕಂಡವರು ಕೇಸು ವಿಚಾರಣೆಗೆ ಬರುವಷ್ಟರಲ್ಲಿ ದುಬೈಯಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಬಹುದೆಂದು ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2003ರಲ್ಲೇ. ಆದರೂ ಕೋವಿಡ್ ಬಂದು ಬಾಗಿಲು ಮುಚ್ಚಿಸುವವರೆಗೆ ಅದು ಹೆಚ್ಚಾಗಿ ಪುಸ್ತಕದಲ್ಲೇ ಇತ್ತು. 2020ರಲ್ಲಿ ಕರ್ನಾಟಕ ಹೈಕೋರ್ಟ್ ವಿಡಿಯೊ ಕಾನ್ಫರೆನ್ಸ್ ನಿಯಮಗಳನ್ನು ರೂಪಿಸಿತು. ಸಾಕ್ಷಿ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿಯ ಎದುರಿನಲ್ಲಿ ಹೇಳಿಕೆ ಕೊಡುವ ದಾರಿ ತೆರೆಯಿತು. ಪಕ್ಕದಲ್ಲಿ ಯಾರೂ ಪಾಠ ಹೇಳಿಕೊಡಬಾರದು ಎಂಬುದಕ್ಕೇ ಈ ಏರ್ಪಾಡು. ಪರದೆಯಾಚೆಗಿನ ಮುಖಭಾವವನ್ನು ಓದುವುದು ಕಷ್ಟ ಎಂದು ಪಾಟಿಸವಾಲಿನಲ್ಲಿ ಪಳಗಿದ ವಕೀಲರು ಗೊಣಗುವುದುಂಟು. ಆ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ.

ಕ್ರಿಮಿನಲ್ ಕೇಸಿನಲ್ಲಿ ಇನ್ನೊಂದು ಬಗೆಯ ಸಾಕ್ಷಿಯೂ ಇದೆ, ಅದು ಮಾತಾಡುವುದಿಲ್ಲ. 2016ರಲ್ಲಿ ಉಡುಪಿಯ ಉದ್ಯಮಿಯೊಬ್ಬರನ್ನು ಕೊಂದು, ಇದೇ ತಾಲೂಕಿನ ನಂದಳಿಕೆಯ ಹೋಮಕುಂಡದಲ್ಲಿ ಶವ ಸುಟ್ಟು, ಉಳಿದದ್ದನ್ನು ನದಿಗೆ ಎಸೆದ ಪ್ರಕರಣವನ್ನು ಈ ಸೀಮೆಯವರು ಮರೆತಿಲ್ಲ. ಶವವೇ ಇಲ್ಲದ ಕೊಲೆಯನ್ನು ರುಜುವಾತು ಮಾಡುವುದು ಹೇಗೆ? ನದಿಯಿಂದ ಎತ್ತಿದ ಮೂಳೆಯ ಚೂರುಗಳ ಡಿ.ಎನ್.ಎ. ಅಲ್ಲಿ ನೆರವಿಗೆ ಬಂತು. ಕೊಲೆಗೆ ಐದು ವರ್ಷ ತುಂಬುವ ಮೊದಲೇ, 2021ರ ಜೂನ್ 8ರಂದು, ಉಡುಪಿಯ ನ್ಯಾಯಾಲಯ ಮೂವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಒಂದು ತಲೆಮಾರಿನ ಹಿಂದೆ ಆಗಿದ್ದರೆ ಈ ಕೇಸು ನಿಲ್ಲುವುದೇ ಕಷ್ಟವಿತ್ತು.

ಇಂಥ ವಿಶೇಷ ಕೇಸಿನ ತನಿಖೆಯನ್ನು ದಿನನಿತ್ಯದ ನಿಯಮವಾಗಿಸಲು ಹೊರಟಿವೆ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನುಗಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ತಜ್ಞರ ಈ ನಿಯಮವನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಮಹಜರಿಗೆ ಸಹಿ ಹಾಕಿ ಆಮೇಲೆ ಕೋರ್ಟಿನಲ್ಲಿ "ಪೊಲೀಸರು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು" ಎಂದು ತಿರುಗಿ ನಿಲ್ಲುವ ಪಂಚರು ಎಲ್ಲ ಕೋರ್ಟಿಗೂ ಪರಿಚಿತರು. ವಿಡಿಯೊ ಇದ್ದರೆ ಪಂಚರಿಗೂ ಪೊಲೀಸರಿಗೂ ಸುಳ್ಳು ಹೇಳುವುದು ಕಷ್ಟ. ಆರೋಪಿಗೆ ಇದು ರಕ್ಷಣೆಯೂ ಹೌದು.

ಆದರೆ ವಿಡಿಯೊ ತಾನಾಗಿ ಸಾಕ್ಷ್ಯವಾಗುವುದಿಲ್ಲ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಮೌಲ್ಯ ನಮೂದಾಗಬೇಕು. ಒಂದು ಭಾಗಕ್ಕೆ ಹಾಜರುಪಡಿಸಿದವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಒಂದು ಅಕ್ಷರ ತಿದ್ದಿದರೂ ಹ್ಯಾಶ್ ಬದಲಾಗುವುದರಿಂದ ಕೈಚಳಕ ಸಿಕ್ಕಿಬೀಳುತ್ತದೆ. ತಜ್ಞರ ಕೊರತೆಯಿದ್ದರೆ ಮಾತ್ರ ಕೇಸು ಹೊಸ ಬಾಗಿಲಿನ ಮುಂದೆ ಸಾಲು ನಿಲ್ಲಬೇಕಾಗುತ್ತದೆ. ಕಾನೂನು ಪುಸ್ತಕದ ವೇಗಕ್ಕೆ ಪ್ರಯೋಗಾಲಯದ ಹುದ್ದೆಗಳು ತುಂಬದಿದ್ದರೆ ಕಾಯುವವರು ವಿಚಾರಣಾಧೀನ ಕೈದಿಗಳೇ.

ಅವರ ಮಾತೇ ಬಂದದ್ದರಿಂದ ಜಾಮೀನಿನ ವಿಷಯ. ಆದೇಶವಾದರೂ ಅದರ ಪ್ರತಿ ಜೈಲಿಗೆ ತಲುಪದೆ ಮನುಷ್ಯ ಒಳಗೇ ಉಳಿಯುವುದು ಈ ದೇಶದ ಹಳೆಯ ನಾಚಿಕೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಸರಳವಾಗಿತ್ತು: ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲಿನ ಅಧೀಕ್ಷಕರ ಮೂಲಕ ಕೈದಿಗೆ ಇಮೇಲಿನಲ್ಲಿ ಕಳುಹಿಸಿ, ದಿನಾಂಕವನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಿಸಬೇಕು, ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಹಿರಿಯಡಕದ ಸಬ್‌ಜೈಲಿನಲ್ಲಿ ಜಾಮೀನುದಾರ ಸಿಗದೆ ಕೂತವನಿಗೆ ಕೃತಕ ಬುದ್ಧಿಮತ್ತೆಗಿಂತ ಈ ಒಂದು ಇಮೇಲೇ ಹೆಚ್ಚು ಉಪಕಾರಿ.

ಕೃತಕ ಬುದ್ಧಿಮತ್ತೆಯ ಬಗೆಗೂ ಎರಡು ಮಾತು. ಸುಪ್ರೀಂ ಕೋರ್ಟಿನ ಸುವಾಸ್ ತಂತ್ರಾಂಶ 2019ರಿಂದ ತೀರ್ಪುಗಳನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಲು ನೆರವಾಗುತ್ತಿದೆ; ಅವುಗಳಲ್ಲಿ ಕನ್ನಡವೂ ಇದೆ. ಇನ್ನೊಂದೆಡೆ, 2025ರಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದು ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಆಧರಿಸಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಅದೇ ವರ್ಷ ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಪಿನ ನಿರ್ಣಯಕ್ಕೆ ಇಂಥ ಸಾಧನ ಬಳಸಕೂಡದು ಎಂದಿತು. ಕರ್ನಾಟಕವೂ ಅಂಥದೇ ಸ್ಪಷ್ಟ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ತಾಲೂಕಿನ ಮಟ್ಟದಲ್ಲಿ ಅದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ಸಿ.ಎನ್.ಆರ್. ಸಂಖ್ಯೆ ಏನೆಂದೇ ಗೊತ್ತಿಲ್ಲದ ಕಕ್ಷಿದಾರರು ಇನ್ನೂ ಬಹಳ ಮಂದಿ. ಅವರಲ್ಲಿ ವಯಸ್ಸಾದವರೇ ಹೆಚ್ಚು. ಕಾರ್ಕಳದ ವಕೀಲ ಮಿತ್ರರು ವಕಾಲತ್ತು ಹಾಕಿದ ದಿನವೇ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಲಿ. ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ವಾರಕ್ಕೊಂದು ದಿನ ಕೋರ್ಟಿನ ಜಗಲಿಯಲ್ಲಿ ಕೂತು ಅದನ್ನು ಫೋನಿನಲ್ಲಿ ನೋಡುವುದು ಹೇಗೆಂದು ತೋರಿಸಿಕೊಡಲಿ.