ಮಾರೋ ಮನೆ: ಸಾಮಾನು ಇಳಿಸಿ, ಗೋಡೆ ತೋರಿಸಿ

ತೊಂಡೇಬಾವಿಯಲ್ಲೋ ಸುತ್ತಮುತ್ತಲ ಹಳ್ಳಿಯಲ್ಲೋ ಹಳೇ ಮನೆ ಮಾರಬೇಕು ಅಂತಿದ್ದೀರಾ? ಬ್ರೋಕರ್‌ಗೆ ಫೋನ್ ಮಾಡೋಕೆ ಮುಂಚೆ ಇದನ್ನ ಪೂರ್ತಿ ಕೇಳಿ. ಹೊಸ ಸೋಫಾ ತನ್ನಿ, ಪರದೆ ಹಾಕಿ ಅಂತ ನಾನು ಹೇಳೋದಿಲ್ಲ. ಮನೆಯಿಂದ ಏನೇನು ಹೊರಗೆ ಹೋಗಬೇಕು, ಏನು ಉಳೀಬೇಕು, ಇಷ್ಟೇ ಇವತ್ತಿನ ಮಾತು.

ಮಾರೋಕೆ ಮುಂಚೆ ಮನೆ ಅಣಿ ಮಾಡೋದಕ್ಕೆ ಅಮೆರಿಕದಲ್ಲಿ ಹೋಮ್ ಸ್ಟೇಜಿಂಗ್ ಅಂತಾರೆ. 1970ರ ದಶಕದಲ್ಲಿ ಬಾರ್ಬ್ ಶ್ವಾರ್ಟ್ಸ್ ಅನ್ನೋ ಮನೆ ಮಾರಾಟದ ಏಜೆಂಟ್ ಇದನ್ನ ಬಳಕೆಗೆ ತಂದರು. ಈಗ ಅಲ್ಲಿ ಮನೆ ತೋರಿಸೋಕೆ ಅಂತಾನೇ ಮಂಚ, ಮೇಜು ಬಾಡಿಗೆಗೆ ತಂದು ಜೋಡಿಸ್ತಾರೆ. ನಮಗೆ ಅದರ ಅಗತ್ಯ ಇಲ್ಲ. ನಮ್ಮ ಮನೆಗಳಲ್ಲಿ ತೊಂದರೆ ಇರೋದು ಸಾಮಾನು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ.

ಇಲ್ಲಿಗೆ ಮನೆ ನೋಡೋಕೆ ಬರೋರು ಯಾರು ಅಂತ ಯೋಚನೆ ಮಾಡಿ. ಸಿಮೆಂಟ್ ಕಾರ್ಖಾನೆ ಕೆಲಸಕ್ಕೆ ಬಂದು ಬಾಡಿಗೆಗೆ ಇರೋರು. ಭಾನುವಾರ ಯಲಹಂಕ, ದೊಡ್ಡಬಳ್ಳಾಪುರ ಕಡೆಯಿಂದ ರೈಲಲ್ಲಿ ಬಂದಿಳಿಯೋರು. ಊರು ಬಿಟ್ಟು ಹೋಗಿ ಈಗ ವಾಪಸ್ ಬರಬೇಕು ಅನ್ನೋರು. ಅವರಿಗೆ ಬೇಕಿರೋದು ಗೋಡೆ, ಸೂರು, ಗಾಳಿ, ಬೆಳಕು, ನೀರು. ಹೊಸಿಲು ದಾಟಿದ ಕೂಡಲೇ ಕಣ್ಣಿಗೆ ಬೀಳೋದು ಮಾತ್ರ ನಿಮ್ಮ ಮೂಟೆ, ಟ್ರಂಕು, ಬೀರು.

ಶುರು ಅಟ್ಟದಿಂದ ಆಗಲಿ. ಮದುವೇಲಿ ಬಂದ ಸ್ಟೀಲ್ ಪಾತ್ರೆ, ಹಿತ್ತಾಳೆ ಹಂಡೆ, ಬಿರುಕು ಬಿಟ್ಟ ಡ್ರಮ್ಮು, ಹಳೇ ಬಟ್ಟೆ ಗಂಟು, ಎಲ್ಲ ಕೆಳಗಿಳಿಸಿ. ನಮ್ಮ ಕಡೆ ಕಲ್ಲು ಚಪ್ಪಡಿ ಹಾಸಿದ ಮನೆಗಳಲ್ಲಿ ಸೂರು ಎತ್ತರ ಇದ್ದರೂ ಅಟ್ಟ ತುಂಬಿದ್ರೆ ಕೋಣೆ ತಗ್ಗಾಗಿ ಕಾಣುತ್ತೆ. ಖಾಲಿ ಮಾಡಿ ನೋಡಿ, ನೆಲದಿಂದ ಚಪ್ಪಡಿವರೆಗೂ ಗೋಡೆ ಒಂದೇ ನೋಟಕ್ಕೆ ಸಿಗುತ್ತೆ. ಆಮೇಲೆ ರಾಗಿ, ಜೋಳದ ಮೂಟೆ. ಅವನ್ನ ಅಣ್ಣತಮ್ಮಂದಿರ ಮನೆಗೆ ಸಾಗಿಸಿ. ಕಿಟಕಿಗೆ ಅಡ್ಡ ನಿಂತಿರೋ ಬೀರು ಸರಿಸಿ. ಹಜಾರದಲ್ಲಿ ಒಂದು ಮಂಚ, ಎರಡು ಕುರ್ಚಿ ಸಾಕು.

ರೇಷ್ಮೆ ಹುಳು ಸಾಕಿದ ಮನೆಯಾಗಿದ್ರೆ ಕೆಲಸ ಇನ್ನೊಂದು ಸುತ್ತು ಇದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯೋರಿಗೆ ಇದು ಚೆನ್ನಾಗಿ ಗೊತ್ತು. ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟೋ ಚಂದ್ರಂಕಿ, ಒಂದರ ಮೇಲೊಂದು ಪೇರಿಸಿದ ತಟ್ಟೆ, ಮೂಲೆಯಲ್ಲಿ ಒಣಗಿದ ಸೊಪ್ಪು. ಇವೆಲ್ಲ ಹೊರಗೆ ಹೋದ್ರೂ ವಾಸನೆ ಹೋಗಲ್ಲ. ಸೊಪ್ಪು, ಹಿಕ್ಕೆ, ಔಷಧಿ ಸೇರಿದ ಆ ವಾಸನೆ ಒಳಗಿರೋ ನಮಗೆ ಗೊತ್ತೇ ಆಗಲ್ಲ, ಹೊರಗಿಂದ ಬಂದೋರಿಗೆ ಬಾಗಿಲಲ್ಲೇ ತಟ್ಟುತ್ತೆ. ಕಿಟಕಿ ಬಾಗಿಲು ದಿನವೆಲ್ಲ ತೆರೆದಿಡಿ, ನೆಲ ತೊಳೀರಿ, ಗೋಡೆಗೆ ಎರಡು ಕೋಟು ಸುಣ್ಣ ಹೊಡೀರಿ. ಮಣ್ಣು, ಕಲ್ಲಿನ ಹಳೇ ಗೋಡೆಗೆ ಸುಣ್ಣವೇ ಸರಿ, ಗೋಡೆಯ ತೇವ ಅದರ ಮೂಲಕ ಆರುತ್ತೆ. ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ತೇವ ಒಳಗೇ ನಿಂತು ಆಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತೆ.

ಕಡಿಮೆ ಸಾಮಾನಲ್ಲಿ ಬಾಳೋದು ಈ ನೆಲಕ್ಕೆ ಹೊಸದಲ್ಲ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಆದ್ರೂ ಬದುಕಿದ್ದು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಅವರದ್ದು ಇಡೀ ಜೀವಮಾನದ ವ್ರತ. ನಾನು ಕೇಳ್ತಿರೋದು ಮನೆ ಮಾರಾಟ ಆಗೋವರೆಗೆ ಮಾತ್ರ.

ಒಂದು ವಿಷಯದಲ್ಲಿ ನಾನು ಹೊರದೇಶದ ಸಲಹೆ ಒಪ್ಪಲ್ಲ. ದೇವರ ಪಟ, ಪೂಜೆ ಸಾಮಾನು ಎಲ್ಲ ತೆಗೆದುಬಿಡಿ ಅಂತಾರೆ. ನಮ್ಮಲ್ಲಿ ದೀಪ ಹಚ್ಚದ ಮನೆಗೆ ಕಾಲಿಟ್ಟೋರಿಗೆ ಮೊದಲು ಬರೋದೇ ಅನುಮಾನ. ದೇವರ ಗೂಡಲ್ಲಿ ಒಂದು ಪಟ, ಒಂದು ದೀಪ ಇರಲಿ, ಬಾಗಿಲ ಮುಂದೆ ರಂಗೋಲಿ ಇರಲಿ. ಹಾರ ಹಾಕಿದ ಹಿರಿಯರ ಫೋಟೋಗಳನ್ನ ಮಾತ್ರ ಬಟ್ಟೆಯಲ್ಲಿ ಸುತ್ತಿ, ನೀವು ಹೋಗೋ ಮನೆಗೆ ಕಳಿಸಿಬಿಡಿ. ಅವು ಗೋಡೆ ಮೇಲಿರೋವರೆಗೂ ಬಂದೋರಿಗೆ ಇದು ನಮ್ಮ ಮನೆ ಆಗಬಹುದು ಅಂತ ಅನ್ನಿಸೋದು ಕಷ್ಟ.

ಈಗ ಗಟ್ಟಿಯಾಗಿ ಹೇಳಬೇಕಾದ ಮಾತು. ಸಾಮಾನು ತೆಗೆಯೋದು ಮನೆ ಕಾಣಲಿ ಅಂತ, ಹುಳುಕು ಮುಚ್ಚೋಕೆ ಅಲ್ಲ. ಚಪ್ಪಡಿ ಸಂದಿಯಲ್ಲಿ ಮಳೆ ನೀರು ಸೋರುತ್ತಾ? ಮೊದಲು ರಿಪೇರಿ ಮಾಡಿಸಿ, ಆಗದಿದ್ರೆ ಬಾಯಿಬಿಟ್ಟು ಹೇಳಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಕೂಡ ಇದನ್ನೇ ಹೇಳುತ್ತೆ: ಕೊಳ್ಳೋರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣದ, ಮಾರೋರಿಗೆ ಗೊತ್ತಿರೋ ಮುಖ್ಯ ದೋಷವನ್ನ ಮಾರೋರೇ ತಿಳಿಸಬೇಕು. ತೇವದ ಕಲೆಗೆ ಕ್ಯಾಲೆಂಡರ್ ನೇತುಹಾಕಿ ಮಾರಿದ ಮನೆ ಊರಲ್ಲಿ ವರ್ಷಗಟ್ಟಲೆ ಮಾತಾಗುತ್ತೆ.

ನೀರಿನ ಪ್ರಶ್ನೆ ಬಂದೇ ಬರುತ್ತೆ. ಸಾವಿರ ಅಡಿ ದಾಟಿ ಕೊರೆದ್ರೂ ಬೋರ್‌ವೆಲ್ ಕೈಕೊಡೋ ಜಿಲ್ಲೆ ಇದು, ಫ್ಲೋರೈಡ್ ಕಾಟ ಬೇರೆ. ಸಂಪು ತೊಳೆಸಿ, ತುಂಬಿಸಿ, ಮುಚ್ಚಳ ತೆಗೆದು ತೋರಿಸಿ. ನಲ್ಲಿ ತಿರುಗಿಸಿ ತೋರಿಸಿ. ಕುಡಿಯೋ ನೀರು ಎಲ್ಲಿಂದ ತರ್ತೀರಿ ಅನ್ನೋದನ್ನೂ ಹೇಳಿ.

ಫೋಟೋ ಬೆಳಿಗ್ಗೆ ಹತ್ತರ ಹೊತ್ತಿಗೆ ತೆಗೀರಿ, ಎದೆಮಟ್ಟದಲ್ಲಿ, ಕೋಣೆಯ ಮೂಲೆಯಲ್ಲಿ ನಿಂತು. ಫೋನಿನ ವೈಡ್ ಲೆನ್ಸ್ ಬೇಡ. ಅದು ಹತ್ತಡಿ ಕೋಣೇನ ಹದಿನೈದು ಅಡಿ ಮಾಡಿ ತೋರಿಸುತ್ತೆ, ಬಂದೋರು ಬಾಗಿಲಲ್ಲೇ ಬೇಜಾರಾಗ್ತಾರೆ.

ನೋಡೋಕೆ ಬಂದಾಗ ಹಿಂದೆ ಹಿಂದೆ ಹೋಗಬೇಡಿ. "ನೋಡ್ಕೊಳ್ಳಿ ಅಕ್ಕ, ನಾವು ಜಗಲಿ ಮೇಲೆ ಇರ್ತೀವಿ" ಅಂತ ಹೇಳಿ ಬಿಟ್ಟುಬಿಡಿ. ಒಲೆ ಎಲ್ಲಿಡೋದು, ಫ್ರಿಜ್ ಎಲ್ಲಿಡೋದು ಅಂತ ಅವರು ಅವರವರೇ ಮಾತಾಡಿಕೊಳ್ಳಬೇಕು.

ಖಾಲಿಯಾದ ಆ ಹಜಾರದಲ್ಲಿ ಒಂದು ಫೈಲು ಮಾತ್ರ ಕೈಗೆ ಸಿಗೋ ಹಾಗಿರಲಿ. ಕ್ರಯಪತ್ರ, ಪಂಚಾಯ್ತಿಯ ಇ-ಸ್ವತ್ತು ಪತ್ರ, ಋಣಭಾರ ಪತ್ರ, ಕಂದಾಯ ರಸೀದಿ, ಕರೆಂಟ್ ಬಿಲ್ಲು. ಪಿತ್ರಾರ್ಜಿತ ಮನೆಯಾದ್ರೆ ವಂಶವೃಕ್ಷ, ಜೊತೆಗೆ ಅಕ್ಕತಂಗಿಯರ ಒಪ್ಪಿಗೆ. ಅವರ ಹತ್ತಿರ ಇನ್ನೂ ಮಾತಾಡಿಲ್ಲ ಅಂದ್ರೆ ಅಟ್ಟಕ್ಕೆ ಏಣಿ ಹಾಕೋದು ಆಮೇಲಿರಲಿ, ಮೊದಲು ಅವರ ಮನೆಗೆ ಹೋಗಿ ಬನ್ನಿ.