ಹೆದರಿದ ಮುಖ ಮತ್ತು ಕಣ್ಣಿನ ಬಿಳಿ



ಅಮೆರಿಕದ ಅಯೋವಾದ ಸಂಶೋಧಕರು ಒಬ್ಬ ಮಹಿಳೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಹೆಸರು ಗುಟ್ಟಾಗಿಟ್ಟು ಆಕೆಯನ್ನು ‘ಎಸ್.ಎಂ.’ ಎಂದಷ್ಟೇ ಕರೆದರು. ನಮ್ಮ ಮೆದುಳಿನ ಎರಡೂ ಪಕ್ಕದಲ್ಲಿ ಬಾದಾಮಿ ಬೀಜದಂಥ ಒಂದೊಂದು ಪುಟ್ಟ ಭಾಗವಿದೆ, ಅಮಿಗ್ಡಲ ಅಂತ. ಅಪರೂಪದ ಒಂದು ಕಾಯಿಲೆಯಿಂದ ಈಕೆಗೆ ಅವೆರಡೂ ಹಾಳಾಗಿದ್ದವು.

ಆಕೆ ಪರಿಚಿತರ ಗುರುತು ಹಿಡಿಯುತ್ತಿದ್ದಳು. ನಗುಮುಖವೂ ತಿಳಿಯುತ್ತಿತ್ತು. ಹೆದರಿದ ಮುಖವನ್ನು ತೋರಿಸಿದರೆ ಮಾತ್ರ ತಡವರಿಸುತ್ತಿದ್ದಳು. ಚಿತ್ರ ಬರೆಯುವುದರಲ್ಲಿ ಆಕೆಯ ಕೈ ಚೆನ್ನಾಗಿತ್ತು. ಆದರೆ ಭಯಗೊಂಡ ಮುಖ ಬರೆಯಿರಿ ಎಂದಾಗ, ಅದು ಹೇಗಿರುತ್ತದೋ ಗೊತ್ತಿಲ್ಲ ಎಂದುಬಿಟ್ಟಳು. ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು 1994ರಿಂದ ಇದನ್ನೆಲ್ಲ ಪ್ರಕಟಿಸತೊಡಗಿದ ಮೇಲೆ, ಅಮಿಗ್ಡಲವೆಂದರೆ ಭಯದ ಕೇಂದ್ರ ಎಂಬ ಮಾತು ಎಲ್ಲೆಡೆ ಹಬ್ಬಿತು. ನನಗೇನೋ ಅದು ಅವಸರದ ತೀರ್ಮಾನ ಅನ್ನಿಸುತ್ತದೆ.

ಯಾಕೆಂದರೆ, 2005ರಲ್ಲಿ ಅದೇ ಅಡಾಲ್ಫ್ಸ್ ತಂಡ ಇನ್ನೊಂದು ಸಂಗತಿ ಗಮನಿಸಿತು. ಮುಖದ ಚಿತ್ರ ಎದುರಿಗಿಟ್ಟಾಗ ಎಸ್.ಎಂ. ನೋಟ ಕಣ್ಣುಗಳ ಕಡೆ ಹೋಗುತ್ತಲೇ ಇರಲಿಲ್ಲ. ಭಯ ಎದ್ದು ಕಾಣುವುದೇ ಕಣ್ಣಲ್ಲಿ: ರೆಪ್ಪೆ ಮೇಲಕ್ಕೆ ಸರಿಯುತ್ತದೆ, ಬಿಳಿಭಾಗ ಹೆಚ್ಚು ಕಾಣುತ್ತದೆ. ನಮ್ಮ ಮೆದುಳು ಈ ಬಿಳಿಗೆ ಎಷ್ಟು ಚುರುಕು ಎಂಬುದಕ್ಕೆ 2004ರ ಒಂದು ಪ್ರಯೋಗ ಸಾಕ್ಷಿ. ಪಾಲ್ ವೇಲನ್ ಮತ್ತಿತರರು ಕಪ್ಪು ತೆರೆಯ ಮೇಲೆ ಕಣ್ಣಿನ ಬಿಳಿಭಾಗವನ್ನಷ್ಟೇ ಸುಮಾರು 17 ಮಿಲಿಸೆಕೆಂಡ್ ಮಿಂಚಿಸಿ ಮರೆಮಾಡಿದರು. ಕಂಡದ್ದೇನೆಂದು ನೋಡಿದವರ ಅರಿವಿಗೇ ಬರಲಿಲ್ಲ. ಆದರೂ ಹೆದರಿದ ಕಣ್ಣಿನ ಬಿಳಿಗೆ ಅವರ ಅಮಿಗ್ಡಲ ನಗುವ ಕಣ್ಣಿನದಕ್ಕಿಂತ ಜೋರಾಗಿ ಸ್ಪಂದಿಸಿತ್ತು!

ಎಸ್.ಎಂ.ಗೆ ಕೊನೆಗೆ ಸಂಶೋಧಕರು ಹೇಳಿದ್ದು ಇಷ್ಟೇ: ಕಣ್ಣುಗಳನ್ನು ನೋಡಿ. ನೋಡಿದಳು. ಎಲ್ಲರಂತೆಯೇ ಭಯವನ್ನು ಗುರುತಿಸಿದಳು. ಅಂದರೆ ಹೆದರಿದ ಮುಖ ಅರ್ಥಮಾಡಿಕೊಳ್ಳುವ ಶಕ್ತಿ ಆಕೆಯಲ್ಲಿ ಉಳಿದೇ ಇತ್ತು. ಎತ್ತ ನೋಡಬೇಕೆಂದು ತೋರಿಸಿಕೊಡುವ ಭಾಗ ಮಾತ್ರ ಇರಲಿಲ್ಲ. ನಾವು ಯಾರನ್ನೇ ಮಾತನಾಡಿಸುವಾಗ ಅಮಿಗ್ಡಲ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಹೊರಗಿನ ಮಾತು ಅದಕ್ಕೆ ಕಾಯಂ ಬದಲಿಯಾಗಲಿಲ್ಲ. ಕಣ್ಣು ನೋಡಿ ಎಂದು ಹೇಳುವುದನ್ನು ಸಂಶೋಧಕರು ನಿಲ್ಲಿಸಿದ್ದೇ ತಡ, ಆಕೆಯ ನೋಟ ಮತ್ತೆ ಕಣ್ಣುಗಳನ್ನು ಬಿಟ್ಟಿತು; ಉತ್ತರಗಳೂ ಮತ್ತೆ ತಪ್ಪತೊಡಗಿದವು.